2147483647 ಯಾವ ಗುಂಪಿಗೆ ಸೇರಿದ ಸಂಖ್ಯೆ?

ಮಾನ್ಯರೇ,

ಕಂಪ್ಯೂಟರ್ ತರಗತಿಯಲ್ಲಿ ನಿಮ್ಮ ವಿದ್ಯಾರ್ಥಿನಿಯೊಬ್ಬಳು 2147483647ಕ್ಕೆ 1 ಕೂಡಿಸಿದಾಗ ಉತ್ತರ ಋಣಸಂಖ್ಯೆಯಾಗಿ ಬಂತೆಂದೂ, ‘ಇದು ಅವಿಭಾಜ್ಯ ಸಂಖ್ಯೆ ಅಂತ ಹೀಗಾಯ್ತಾ ಸರ್?’ ಎಂದು ಅವಳು ಕೇಳಿದಳೆಂದೂ ಬರೆದಿದ್ದೀರಿ. ಸಂಖ್ಯೆ ಅವಿಭಾಜ್ಯವೇ. ಆದರೆ ಲೆಕ್ಕ ತಪ್ಪಿದ್ದು ಆ ಕಾರಣಕ್ಕಲ್ಲ.

32 ಬಿಟ್‌ಗಳಲ್ಲಿ (0 ಅಥವಾ 1 ಹಿಡಿಸುವ ಮನೆಗಳಲ್ಲಿ) ಕಂಪ್ಯೂಟರ್ ಸಂಖ್ಯೆಯನ್ನು ಇಟ್ಟಾಗ, ಒಂದು ಧನ-ಋಣ ಗುರುತಿಗೆ ಹೋದರೆ 31 ಉಳಿಯುತ್ತವೆ. ಅವುಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2ರ 31ನೇ ಘಾತಕ್ಕಿಂತ ಒಂದು ಕಡಿಮೆ: 214 ಕೋಟಿ ಚಿಲ್ಲರೆ. ಇದು ನಾವು ಯಂತ್ರಕ್ಕೆ ಹಾಕಿಕೊಂಡ ಗಡಿ; ಇನ್ನೊಂದು ಕೂಡಿಸಿದರೆ ಅದು ಗುರುತಿನ ಮನೆಗೆ ಹೋಗಿ ಉತ್ತರ ಋಣವಾಗುತ್ತದೆ. 16 ಬಿಟ್‌ನ ಗಡಿ 32767; ಅದು 7 × 31 × 151. 64 ಬಿಟ್‌ನ ಗಡಿಯಾದ 9223372036854775807 ಕೂಡ 7ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ನಡುವಿನದು ಅವಿಭಾಜ್ಯವಾದದ್ದು ಬರೀ ಕಾಕತಾಳೀಯ.

ಅದು ಅವಿಭಾಜ್ಯವೆಂಬುದನ್ನು ಕಂಪ್ಯೂಟರ್ ಹುಟ್ಟುವ ಎಷ್ಟೋ ಮೊದಲೇ, 1772ರಲ್ಲಿ, ಗಣಿತಜ್ಞ ಆಯ್ಲರ್ ತಿಳಿಸಿದ್ದರು. ಆ ವೇಳೆಗೆ ಅವರ ದೃಷ್ಟಿ ಬಹುಪಾಲು ಹೋಗಿತ್ತು. ಅವರ ದಾರಿ ನನಗೆ ಬಹಳ ಇಷ್ಟ. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಇಲ್ಲಿ ವರ್ಗಮೂಲ 46340ರ ಆಚೆ. ಅಷ್ಟರೊಳಗೆ ನಾಲ್ಕು ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳಿವೆ. ಆದರೆ ಈ ಸಂಖ್ಯೆಗೆ ಅವಿಭಾಜ್ಯ ಭಾಜಕವೊಂದು ಇದ್ದರೆ, ಅದನ್ನು 62ರಿಂದ, ಅಂದರೆ ಘಾತವಾದ 31ರ ಎರಡರಷ್ಟರಿಂದ, ಭಾಗಿಸಿದಾಗ 1 ಉಳಿಯಲೇಬೇಕು. 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು. ಎರಡೂ ಷರತ್ತು ಸೇರಿದರೆ ಪರೀಕ್ಷಿಸಬೇಕಾದವು ಸುಮಾರು 370 ಮಾತ್ರ. ಅವುಗಳಲ್ಲೂ 63, 249ರಂಥ ಸಂಯುಕ್ತ ಸಂಖ್ಯೆಗಳನ್ನು ಬಿಟ್ಟರಾಯಿತು. ಮೊದಲು ಸಿಗುವ ಅವಿಭಾಜ್ಯ 311. ಭಾಗಿಸಿದರೆ 35 ಉಳಿಯುತ್ತದೆ. ಕೊನೆಯವರೆಗೂ ಹೀಗೆ ಏನಾದರೂ ಉಳಿಯುತ್ತಲೇ ಹೋಗುತ್ತದೆ.

2ರ ಘಾತದಿಂದ 1 ಕಳೆದಾಗ ಸಿಗುವ ಅವಿಭಾಜ್ಯಗಳಿಗೆ ಫ್ರಾನ್ಸಿನ ಮರ್ಸೆನ್ ಅವರ ಹೆಸರಿದೆ. ಈ ಸಾಲಿನಲ್ಲಿ ನಮ್ಮದು ಎಂಟನೆಯದು. ಅವರು 1644ರಲ್ಲಿ ಕೊಟ್ಟ ಘಾತಗಳ ಪಟ್ಟಿಯಲ್ಲಿ 31 ಸರಿಯಾಗಿತ್ತು, 67 ತಪ್ಪಾಗಿತ್ತು. ಮರ್ಸೆನ್ ಅವಿಭಾಜ್ಯ ಸಿಕ್ಕರೆ ಜೊತೆಗೊಂದು ಪರಿಪೂರ್ಣ ಸಂಖ್ಯೆಯೂ ಸಿಗುತ್ತದೆ, ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆ. ನಮ್ಮದನ್ನು 2ರ 30ನೇ ಘಾತದಿಂದ ಗುಣಿಸಿದರೆ ಬರುವ 2305843008139952128 ಅಂಥದ್ದು.

ತರಗತಿಯಲ್ಲಿ ಮಾಡಿಸಲು 370 ಭಾಗಾಕಾರ ಹೆಚ್ಚಾಯಿತು. 2ರ 13ನೇ ಘಾತದಿಂದ 1 ಕಳೆದ 8191 ತೆಗೆದುಕೊಳ್ಳಿ. ವರ್ಗಮೂಲ 90ರ ಚೂರು ಮೇಲೆ. ಭಾಜಕವನ್ನು 26ರಿಂದ ಭಾಗಿಸಿದರೆ 1 ಉಳಿಯಬೇಕು: 27, 53, 79. ಎಂಟರ ಷರತ್ತಿನಲ್ಲಿ 27, 53 ಬಿದ್ದುಹೋಗುತ್ತವೆ. ಉಳಿದ 79ರಿಂದ ಆ ಹುಡುಗಿಯೇ ಹಲಗೆಯ ಮೇಲೆ ಭಾಗಿಸಲಿ. 54 ಶೇಷ ಬರುತ್ತದೆ. ಒಂದೇ ಭಾಗಾಕಾರಕ್ಕೆ 8191 ಅವಿಭಾಜ್ಯವೆಂದು ಸಿದ್ಧವಾಗುತ್ತದೆ. ಆಮೇಲೆ 2047 ಕೊಡಿ, 22ರ ಷರತ್ತಿನೊಂದಿಗೆ. ಅದೇನಾಗುತ್ತದೆಂದು ಮಕ್ಕಳೇ ಕಂಡುಕೊಳ್ಳಲಿ.

– ಸಂಪಾದಕ