ಮದುವೆ ಕ್ಯಾಸೆಟ್ಟು ಕಂಪ್ಯೂಟರಿಗೆ: ಬಣ್ಣ ಏಕೆ ಬರಲಿಲ್ಲ, ಮಾತು ಏಕೆ ಹಿಂದೆ ಬಿತ್ತು?

ಪ್ರಶ್ನೆ: ಅಕ್ಕನ ಮದುವೆಯ ನಾಲ್ಕು ವಿಎಚ್‌ಎಸ್ ಕ್ಯಾಸೆಟ್ಟುಗಳಿವೆ. ವಿಸಿಆರ್ ಇನ್ನೂ ಚಾಲೂ ಇದೆ. ಹಳೆಯ ಡೆಸ್ಕ್‌ಟಾಪಿನ ಟಿವಿ ಟ್ಯೂನರ್ ಕಾರ್ಡಿಗೆ ಜೋಡಿಸಿ ರೆಕಾರ್ಡ್ ಮಾಡಿದೆ. ಚಿತ್ರ ಕಪ್ಪು-ಬಿಳುಪು, ಅರ್ಧ ಗಂಟೆ ಆಗುವಷ್ಟರಲ್ಲಿ ಅಯ್ಯನವರ ಮಂತ್ರ ಒಂದು ಕಡೆ, ಬಾಯಿ ಇನ್ನೊಂದು ಕಡೆ. ಹೊಸ ಕಾರ್ಡ್ ಬೇಕೇ? (ಬೆಟಗೇರಿ, ಗದಗ)

ಉತ್ತರ: ಬಣ್ಣಕ್ಕೆ ಹೊಸ ಕಾರ್ಡ್ ಬೇಡ, ಮಾತಿಗೆ ಹೊಸ ಸಾಧನ ಬೇಕು.

ನಮ್ಮ ದೇಶದ ಕ್ಯಾಸೆಟ್ಟುಗಳು ಪಾಲ್ ಎಂಬ ಟಿವಿ ಪದ್ಧತಿಯವು: 625 ಗೆರೆ, ಸೆಕೆಂಡಿಗೆ 25 ಚಿತ್ರ. ಎಷ್ಟೋ ತಂತ್ರಾಂಶಗಳು ತಾವಾಗಿಯೇ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿ ಹಿಡಿದು ಕೂರುತ್ತವೆ. ಆಗ ಬಣ್ಣದ ಸಂಕೇತ ಓದಲು ಬರುವುದಿಲ್ಲ. ವಿಡಿಯೋ ಸ್ಟ್ಯಾಂಡರ್ಡ್ ಎಂಬಲ್ಲಿ ಪಾಲ್-ಬಿ ಆರಿಸಿ, ಅಳತೆ 720×576 ಇಡಿ.

ಮಾತಿನ ತೊಂದರೆ ಬೇರೆ. ಹಳೆಯ ಟ್ಯೂನರ್ ಕಾರ್ಡುಗಳಲ್ಲಿ ಬಹಳಷ್ಟು ಚಿತ್ರವನ್ನು ಮಾತ್ರ ತಾವು ತೆಗೆದುಕೊಂಡು, ಧ್ವನಿಯನ್ನು ತಂತಿಯ ಮೂಲಕ ಸೌಂಡ್ ಕಾರ್ಡಿಗೆ ದಾಟಿಸುತ್ತವೆ. ಎರಡರ ಗಡಿಯಾರ ಬೇರೆ ಬೇರೆ. ನಡುವೆ ಒಂದಿಷ್ಟು ಚಿತ್ರ ಬಿಟ್ಟುಹೋದರಂತೂ ಅಂತರ ಬೆಳೆಯುತ್ತಲೇ ಹೋಗುತ್ತದೆ. ಹಳದಿ, ಬಿಳಿ, ಕೆಂಪು ಮೂರೂ ಪಿನ್ ತೆಗೆದುಕೊಳ್ಳುವ ಯುಎಸ್‌ಬಿ ಕ್ಯಾಪ್ಚರ್ ಸಾಧನ ಕೊಳ್ಳಿ; ಚಿತ್ರ, ಧ್ವನಿ ಎರಡೂ ಅದರ ಮೂಲಕವೇ ಬರುತ್ತವೆ. ಎಚ್‌ಡಿಎಂಐ ಕ್ಯಾಪ್ಚರ್ ಎಂದು ಮಾರುವ ಚಿಕ್ಕ ಡಬ್ಬಿಗೆ ಈ ಪಿನ್‌ಗಳು ಹೋಗುವುದಿಲ್ಲ. ಅದಕ್ಕೆ ಎವಿ ಕನ್ವರ್ಟರ್ ಸೇರಿಸಿದರೆ ಮುಖಗಳು ಅಗಲಕ್ಕೆ ಹಿಗ್ಗುವುದೇ ಹೆಚ್ಚು. ಸಾಧನವನ್ನು ಯುಎಸ್‌ಬಿ ಹಬ್‌ಗೆ ಹಾಕದೆ ಕಂಪ್ಯೂಟರಿನ ಪೋರ್ಟಿಗೇ ನೇರ ಹಾಕಿ.

ಇದೆಲ್ಲಕ್ಕಿಂತ ಮೊದಲು ಕ್ಯಾಸೆಟ್ಟನ್ನೇ ನೋಡಿ, ದಯವಿಟ್ಟು. ಬದಿಯ ಚಿಕ್ಕ ಗುಂಡಿ ಒತ್ತಿ ಮುಂದಿನ ಮುಚ್ಚಳ ಎತ್ತಿ, ಕಿಟಕಿಯಿಂದ ಸುರುಳಿಯ ಅಂಚನ್ನೂ ನೋಡಿ. ಬೂದಿ ಉದುರಿಸಿದಂತೆ ಬಿಳಿ ಚುಕ್ಕೆ ಕಂಡರೆ ಅದು ಬೂಷ್ಟು. ಅಂಥದ್ದನ್ನು ವಿಸಿಆರ್‌ಗೆ ಹಾಕಲೇಬೇಡಿ. ಟೇಪ್ ಓದುವ, ನಿಮಿಷಕ್ಕೆ 1500 ಸುತ್ತು ತಿರುಗುವ ಹೆಡ್ಡಿಗೆ ಅದು ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಚೊಕ್ಕಟ ಇರುವುದನ್ನು ಒಮ್ಮೆ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ, ಆಮೇಲೆ ಪ್ಲೇ ಮಾಡಿ. ವರ್ಷಗಟ್ಟಲೆ ಅಂಟಿಕೊಂಡ ಸುತ್ತುಗಳು ಬಿಡುತ್ತವೆ.

ಹೆಡ್ ಒರೆಸುವುದಿದ್ದರೆ ಪ್ಲಗ್ ಕಿತ್ತು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ, ನೂಲು ಬಿಡದ ಬಟ್ಟೆಯನ್ನು ಹೆಡ್ ಕೂತಿರುವ ಡ್ರಮ್ಮಿಗೆ ಮೆಲ್ಲಗೆ ತಾಗಿಸಿ ಹಿಡಿಯಿರಿ. ಇನ್ನೊಂದು ಕೈಯಿಂದ ಡ್ರಮ್ ತಿರುಗಿಸಿ. ಮೇಲೆ-ಕೆಳಗೆ ತಿಕ್ಕಿದರೆ ಹೆಡ್ ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯೂ ಬೇಡ, ಅದರ ಎಳೆ ಸಿಕ್ಕಿಕೊಳ್ಳುತ್ತದೆ.

ರೆಕಾರ್ಡಿಂಗಿಗೆ ಉಚಿತವಾದ ಒಬಿಎಸ್ ಸ್ಟುಡಿಯೋ ಸಾಕು. ಕ್ಯಾನ್‌ವಾಸ್, ಅಂದರೆ ಚೌಕಟ್ಟು, 768×576 (720 ಅಗಲದ ಚಿತ್ರವನ್ನು 4:3 ಆಕಾರಕ್ಕೆ ತರಲು), ವೇಗ ಸೆಕೆಂಡಿಗೆ 50 (ಒಂದೊಂದು ಚಿತ್ರವೂ ಎರಡು ಅರ್ಧಗಳಾಗಿ ಬರುತ್ತದೆ), ಆ ಅರ್ಧಗಳನ್ನು ಸರಿಪಡಿಸುವ ಡಿಇಂಟರ್‌ಲೇಸಿಂಗಿನಲ್ಲಿ ಯಾಡಿಫ್ 2ಎಕ್ಸ್. ಇದನ್ನು ಬಿಟ್ಟರೆ ಅಕ್ಕಿಕಾಳು ಹಾಕುವ ಕೈಗಳ ಅಂಚು ಬಾಚಣಿಗೆ ಹಲ್ಲಿನಂತೆ ಸೀಳುತ್ತದೆ. ಕೈ ಮುಂದೆ-ಹಿಂದೆ ನಡುಗಿದಂತೆ ಕಂಡರೆ ಫೀಲ್ಡ್ ಆರ್ಡರ್, ಅಂದರೆ ಆ ಅರ್ಧಗಳ ಸರದಿ, ಬದಲಿಸಿ. ಬಿಟ್‌ರೇಟ್ 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್) ಇಟ್ಟರೆ ತಾಸಿಗೆ ಸುಮಾರು 3.6 ಜಿಬಿ; ಮೂರು ತಾಸಿನ ಇ-180 ಕ್ಯಾಸೆಟ್ಟಿಗೆ 11 ಜಿಬಿ. ಫೈಲ್ ಎಂಕೆವಿ ಇರಲಿ: ನಡುವೆ ಕರೆಂಟ್ ಹೋದರೂ ಅಲ್ಲಿಯವರೆಗಿನದು ಉಳಿಯುತ್ತದೆ, ಎಂಪಿ4 ಆದರೆ ಪೂರ್ತಿ ಹೋಗಬಹುದು. ಮೊದಲು ಐದು ನಿಮಿಷದ್ದನ್ನು ಮಾಡಿ ನೋಡಿ. ಚಿತ್ರದ ತಳದಲ್ಲಿ ಕುಣಿಯುವ ಗೆರೆಗಳು ವಿಎಚ್‌ಎಸ್‌ನ ಸಹಜ ಗುಣ, ಕೆಟ್ಟಿದ್ದಲ್ಲ, ಆಮೇಲೆ ಕತ್ತರಿಸಿಕೊಳ್ಳಿ.

ಪ್ರಶ್ನೆ: ಟ್ಯೂನರ್ ಕಾರ್ಡ್ ಹಾಕಿದರೆ ಕಂಪ್ಯೂಟರಿನಲ್ಲಿ ಕೇಬಲ್ ಟಿವಿ ಬರುತ್ತದೆಯೇ? (ರಾಣೇಬೆನ್ನೂರು, ಹಾವೇರಿ ಜಿಲ್ಲೆ)

ಉತ್ತರ: ಇಲ್ಲ. ಕೇಬಲ್ ಈಗ ಡಿಜಿಟಲ್, ಬೀಗ ಹಾಕಿದ ಸಂಕೇತ. ಹಳೆಯ ಅನಲಾಗ್ ಟ್ಯೂನರಿಗೆ ಹಿಡಿಯಲು ಏನೂ ಇಲ್ಲ. ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ಕ್ಯಾಪ್ಚರಿಗೆ ಕೊಟ್ಟರೂ ನಕಲು ತಡೆಯ ದೆಸೆಯಿಂದ ಪರದೆ ಕಪ್ಪಾಗುವುದೇ ಹೆಚ್ಚು. ಡಿಡಿ ಫ್ರೀ ಡಿಶ್‌ನ ಬೀಗವಿಲ್ಲದ ವಾಹಿನಿಗಳು ಸಾಕೆನ್ನುವುದಾದರೆ ಉಪಗ್ರಹದ ಸಂಕೇತ ಹಿಡಿಯುವ ಡಿವಿಬಿ-ಎಸ್2 ಕಾರ್ಡ್ ಕೊಂಡು, ಡಿಶ್ ಅನ್ನು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15 ಉಪಗ್ರಹಕ್ಕೆ ತಿರುಗಿಸಿ.