ಮಗಳು ಅಳುತ್ತಾಳೆ, ಮಗ ವಾದ ಮಾಡುತ್ತಾನೆ: ಪರಿಸರದ ಪಾಠ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನನ್ನ ಮಗಳಿಗೆ 7 ವರ್ಷ, ಮಗನಿಗೆ 11. ಪರಿಸರದ ಬಗ್ಗೆ ಕಾಳಜಿ ಬೆಳೆಯಲಿ ಎಂದು ಹಿಮ ಕರಗುವ, ಕಾಡು ಹೊತ್ತಿ ಉರಿಯುವ ವಿಡಿಯೊಗಳನ್ನು ತೋರಿಸುತ್ತಾ ಬಂದೆ. ಈಗ ಮಗಳು ರಾತ್ರಿ ಮಲಗುವಾಗ ‘ಪ್ರಾಣಿಗಳೆಲ್ಲ ಸತ್ತುಹೋಗ್ತಾವಾ ಅಮ್ಮಾ?’ ಎಂದು ಅಳುತ್ತಾಳೆ. ಮಗ ‘ನಾವು ನಾಲ್ಕು ಜನ ಲೈಟ್ ಆರಿಸಿದರೆ ಏನಾಗುತ್ತೆ?’ ಅನ್ನುತ್ತಾನೆ. ಹುಟ್ಟುಹಬ್ಬಕ್ಕೆ ನೆಟ್ಟ ಗಿಡವೂ ಒಣಗಿಹೋಯಿತು. ಮನೆಮಂದಿ ಸೇರಿ ಮಾಡಬಹುದಾದದ್ದು ಏನಾದರೂ ಇದೆಯೇ?
– ಒಬ್ಬ ತಾಯಿ

ಉತ್ತರ: ಮೊದಲು ಆ ವಿಡಿಯೊಗಳನ್ನು ನಿಲ್ಲಿಸಿ. ನಿಮ್ಮ ಉದ್ದೇಶ ಒಳ್ಳೆಯದೇ. ಆದರೆ ಏಳು ವರ್ಷದ ಮಗುವಿಗೆ ಎಲ್ಲೋ ದೂರದ ಕಾಡಿನ ಬೆಂಕಿ ಮನೆಯ ಹಿತ್ತಲಿನಲ್ಲೇ ಉರಿದಂತೆ ಕಾಣುತ್ತದೆ, ಅದನ್ನು ಆರಿಸಲು ಅವಳ ಕೈಯಲ್ಲಿ ಏನೂ ಇಲ್ಲ. ಪ್ರಕೃತಿಯ ಮೇಲೆ ಪ್ರೀತಿ ಹುಟ್ಟುವ ಮೊದಲೇ ಹುಟ್ಟುವ ಈ ಭಯವನ್ನು ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಸೊಬೆಲ್ ‘ಇಕೋಫೋಬಿಯಾ’ ಎಂದು ಕರೆದರು. ನಾಲ್ಕನೇ ತರಗತಿಗೆ ಮೊದಲು ದುರಂತಗಳ ಪಾಠ ಬೇಡ ಎಂಬುದು ಅವರ ಸಲಹೆ. ಮಕ್ಕಳೊಂದಿಗಿನ ನನ್ನ ಅನುಭವವೂ ಅದನ್ನೇ ಹೇಳುತ್ತದೆ.

ಮಗಳು ಮತ್ತೆ ಕೇಳಿದರೆ ‘ಏನೂ ಆಗಲ್ಲ, ಮಲಗು’ ಅನ್ನಬೇಡಿ. ‘ಕೆಲವು ಪ್ರಾಣಿಗಳಿಗೆ ಕಷ್ಟ ಇರೋದು ನಿಜ. ಅವನ್ನು ಉಳಿಸೋಕೆ ತುಂಬಾ ಜನ ದೊಡ್ಡವರು ಕೆಲಸ ಮಾಡ್ತಿದ್ದಾರೆ. ಅದು ದೊಡ್ಡವರ ಕೆಲಸ’ ಎಂದು ಹೇಳಿ. ಆ ಭಾರ ಅವಳ ಹೆಗಲಿನಿಂದ ಇಳಿಯಬೇಕು.

ಇನ್ನು ಮನೆಯಲ್ಲಿ ಮಾಡುವ ಕೆಲಸ. ಸಂಶೋಧಕಿ ಲೂಯಿಸ್ ಚಾವ್ಲಾ ನಾರ್ವೆ ಮತ್ತು ಅಮೆರಿಕದ ಪರಿಸರ ಕಾರ್ಯಕರ್ತರನ್ನು ‘ನಿಮಗೆ ಈ ಕಾಳಜಿ ಬಂದದ್ದು ಎಲ್ಲಿಂದ?’ ಎಂದು ಕೇಳಿದ್ದರು. ಮತ್ತೆ ಮತ್ತೆ ಬಂದ ಉತ್ತರಗಳಲ್ಲಿ ಎರಡು ಮುಖ್ಯ: ಬಾಲ್ಯದಲ್ಲಿ ಗಿಡಮರ, ನೀರು, ಬಯಲಿನ ನಡುವೆ ಕಳೆದ ಹೊತ್ತು, ಮತ್ತು ಅದನ್ನು ಪ್ರೀತಿಯಿಂದ ತೋರಿಸಿದ ಮನೆಯ ಹಿರಿಯರೊಬ್ಬರು. ಆ ಹಿರಿಯರ ಜಾಗದಲ್ಲಿ ಈಗ ನೀವಿದ್ದೀರಿ. ನೀವೂ ಮಣ್ಣಿಗೆ ಕೈ ಹಾಕಬೇಕು.

ಒಂದೇ ಕೆಲಸ ಆರಿಸಿಕೊಳ್ಳಿ ಎಂದರೆ ನಾನು ಗೊಬ್ಬರದ ಮಡಕೆಯನ್ನೇ ಹೇಳುತ್ತೇನೆ. ತಳದಲ್ಲಿ, ಪಕ್ಕದಲ್ಲಿ ತೂತುಗಳಿರುವ ಒಂದು ಮಡಕೆ ಅಥವಾ ಹಳೆಯ ಬಕೆಟ್ ಸಾಕು. ಒಂದು ಪಾಲು ತರಕಾರಿ, ಹಣ್ಣಿನ ಸಿಪ್ಪೆ ಹಾಕಿದರೆ ಮೇಲೆ ಎರಡು ಮೂರು ಪಾಲು ಒಣ ಎಲೆ. ಸಿಪ್ಪೆ ಮಗ ತರಲಿ, ಎಲೆ ಹೊದಿಸುವುದು ಮಗಳ ಕೆಲಸವಾಗಲಿ. ವಾಸನೆ ಬಂದರೆ ನೀವೇ ಸರಿ ಮಾಡಲು ಓಡಬೇಡಿ, ‘ಯಾಕೆ ಬಂತು?’ ಎಂದು ಅವರನ್ನೇ ಕೇಳಿ. ಒದ್ದೆ ಹೆಚ್ಚಾಗಿ ಒಳಗೆ ಗಾಳಿ ಆಡದಿದ್ದಾಗ ಕೊಳೆತ ನಾತ ಬರುತ್ತದೆ. ಇನ್ನೊಂದಿಷ್ಟು ಒಣ ಎಲೆ ಸೇರಿಸಿ ಕೆದಕಿದರೆ ಹೋಗುತ್ತದೆ. ಒಂದು ಹಿಡಿ ತೆಗೆದು ಹಿಂಡಿದರೆ ಹಿಂಡಿದ ಬಟ್ಟೆಯಂತೆ ಒಂದೆರಡು ಹನಿ ಬರಬೇಕು, ಅದೇ ಹದ.

ರಾಶಿ ಚೆನ್ನಾಗಿ ತುಂಬಿದ ಮೇಲೆ ಒಂದು ಕೋಲನ್ನು ನಡುವಿನವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆಯಲು ಮಗಳಿಗೆ ಹೇಳಿ. ಒಮ್ಮೆ ಅಷ್ಟೇ ಪ್ರಾಯದ ಹುಡುಗಿಯೊಬ್ಬಳು ಆ ಕೋಲಿನ ತುದಿಯನ್ನು ಕೆನ್ನೆಗೆ ಒತ್ತಿಕೊಂಡು, ‘ಬೆಚ್ಚಗಿದೆ! ಒಳಗೆ ಯಾರಿದ್ದಾರೆ?’ ಎಂದು ಕೇಳಿದ್ದಳು. ಸಿಪ್ಪೆಯನ್ನು ತಿನ್ನುವ ಕೋಟ್ಯಂತರ ಸೂಕ್ಷ್ಮಜೀವಿಗಳು ಬಿಡುವ ಶಾಖ ಅದು. ದೊಡ್ಡ ರಾಶಿಯಾದರೆ 55–60 ಡಿಗ್ರಿ ಸೆಲ್ಸಿಯಸ್‌ವರೆಗೂ ಏರುತ್ತದೆ, ಮಡಕೆಯಲ್ಲಿ ಅಷ್ಟಿರುವುದಿಲ್ಲ. ಆ ಹುಡುಗಿ ಆಮೇಲೆ ದಿನಾ ಬೆಳಿಗ್ಗೆ ಮಡಕೆಯನ್ನು ಮಾತನಾಡಿಸಿ ಬರುತ್ತಿದ್ದಳು.

ಪಕ್ಕದಲ್ಲೇ ಒಂದು ಎಲೆ, ಒಂದು ತುಂಡು ಹತ್ತಿ ಬಟ್ಟೆ, ಒಂದು ಪ್ಲಾಸ್ಟಿಕ್ ಕವರ್ ಹೂತಿಡಿ. ಎಂಟು ವಾರ ಬಿಟ್ಟು ಅಗೆದಾಗ ಯಾವುದು ಹೇಗಿರುತ್ತದೆ ಎಂದು ಇಬ್ಬರೂ ಮೊದಲೇ ಬರೆದಿಡಲಿ. ಕವರ್ ಕೈಗೆ ಬಂದಾಗ ನೀವು ಭಾಷಣ ಮಾಡುವ ಅಗತ್ಯವೇ ಇರುವುದಿಲ್ಲ.

ಮಗನ ಪ್ರಶ್ನೆ ನನಗೆ ಇಷ್ಟವಾಯಿತು. ಅವನು ಲೆಕ್ಕ ಕೇಳುತ್ತಿದ್ದಾನೆ, ಲೆಕ್ಕವನ್ನೇ ಕೊಡಿ. ತೊಟ್ಟಿಕ್ಕುವ ನಲ್ಲಿ ಇದ್ದರೆ ಒಂದು ಗಂಟೆ ಬಟ್ಟಲಿಟ್ಟು ನೀರನ್ನು ಅಳೆದು 24ರಿಂದ ಗುಣಿಸಲಿ. ಸೆಕೆಂಡಿಗೆ ಒಂದು ಹನಿ ಎಂದರೆ ದಿನಕ್ಕೆ 86,400 ಹನಿ, ಸುಮಾರು ನಾಲ್ಕು ಲೀಟರ್. ವಾಷರ್ ಬದಲಿಸುವಾಗ ಸ್ಪ್ಯಾನರ್ ಅವನ ಕೈಯಲ್ಲಿರಲಿ. ನಾಲ್ಕು ಜನರಿಂದ ಭೂಮಿ ಬದಲಾಗುವುದಿಲ್ಲ ಎಂಬ ಅವನ ಮಾತನ್ನೂ ಒಪ್ಪಿಕೊಳ್ಳಿ, ಅದು ಸರಿಯಾಗಿಯೇ ಇದೆ. ಜತೆಗೆ ಓಜೋನ್ ಪದರದ ಕಥೆ ಹೇಳಿ: ಫ್ರಿಜ್, ಸ್ಪ್ರೇ ಡಬ್ಬಿಗಳಲ್ಲಿದ್ದ ಸಿಎಫ್‌ಸಿ ಅನಿಲಗಳಿಂದ ಅದು ತೆಳುವಾಗುತ್ತಿತ್ತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, ಕ್ರಮೇಣ ಪ್ರಪಂಚದ ಎಲ್ಲ ದೇಶಗಳೂ ಅದಕ್ಕೆ ಸೇರಿಕೊಂಡವು, ಪದರ ಈಗ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಹನ್ನೊಂದರ ಹುಡುಗನಿಗೆ ಇದು ಅರ್ಥವಾಗುತ್ತದೆ. ಫೆಬ್ರುವರಿಯಲ್ಲಿ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಹಕ್ಕಿ ಎಣಿಕೆ ನಡೆಯುತ್ತದೆ. 1998ರಲ್ಲಿ ಆರಂಭವಾದ ಅದರಲ್ಲಿ ಈಗ ಎಲ್ಲಿಯವರು ಬೇಕಾದರೂ ಪಾಲ್ಗೊಳ್ಳಬಹುದು. ಕನಿಷ್ಠ 15 ನಿಮಿಷ ಹಕ್ಕಿ ಎಣಿಸಿದರೆ ಸಾಕು, ಅವನ ಎಣಿಕೆ ವಿಜ್ಞಾನಿಗಳ ಕೈ ಸೇರುತ್ತದೆ.

ಒಂದು ಎಚ್ಚರಿಕೆ. ಲೈಟ್ ಆರಿಸಿದ್ದಕ್ಕೆ ಚಾಕೊಲೇಟ್, ಮರೆತದ್ದಕ್ಕೆ ಬೈಗುಳ, ಎರಡೂ ಬೇಡ. ಬಹುಮಾನ ನಿಂತ ದಿನ ಕೆಲಸವೂ ನಿಲ್ಲುತ್ತದೆ.

ಇನ್ನು ಒಣಗಿದ ಗಿಡ. ಅದನ್ನು ಕಿತ್ತೆಸೆಯದಿದ್ದರೆ ಈ ಭಾನುವಾರ ಮಕ್ಕಳೊಂದಿಗೆ ಮೆಲ್ಲನೆ ಅಗೆದು ಬೇರು ನೋಡಿ. ಎಷ್ಟೋ ಸಲ ಬೇರು ನರ್ಸರಿ ಚೀಲದ ಆಕಾರದಲ್ಲೇ ಸುತ್ತಿಕೊಂಡು, ಹೊರಗಿನ ಮಣ್ಣಿಗೆ ಇಳಿದೇ ಇರುವುದಿಲ್ಲ. ‘ಪಾಪ, ಇದಕ್ಕೆ ದಾರಿ ಸಿಕ್ಕಿಲ್ಲ’ ಎಂದು ಮಗಳಿಗೆ ಕಣ್ಣಾರೆ ಕಂಡರೆ, ಮುಂದಿನ ಗಿಡ ನೆಡುವಾಗ ಬೇರು ಬಿಡಿಸುವುದನ್ನು ಅವಳೇ ನೆನಪಿಸುತ್ತಾಳೆ. ಅಲ್ಲಿಯವರೆಗೆ ಅದೇ ಗುಂಡಿಯಲ್ಲಿ ಹುರುಳಿಕಾಯಿ ಬೀಜ ಹಾಕಿ, ವಾರ ಹತ್ತು ದಿನದಲ್ಲಿ ಮೊಳಕೆ ಕಾಣುತ್ತದೆ.

ಇಷ್ಟಾದರೂ ಮಗಳ ರಾತ್ರಿಯ ಅಳು ವಾರಗಟ್ಟಲೆ ಮುಂದುವರಿದರೆ, ನಿದ್ದೆ ಊಟ ಕೆಟ್ಟರೆ, ತಡಮಾಡದೆ ಮಕ್ಕಳ ಮನೋತಜ್ಞರನ್ನು ಕಾಣಿ.