ಏರಿನಲ್ಲಿ ನಿಲ್ಲಿಸಿ ಹೊರಡುವುದು: ಕಡಲತೀರದ ಗುಡ್ಡದೂರಿನಲ್ಲಿ ಕಾರು ಕಲಿಯುವವರಿಗೆ

ಓದುಗರ ಪ್ರಶ್ನೆ – ಉತ್ತರ

ಪ್ರಶ್ನೆ: ನನಗೆ 43 ವರ್ಷ. ಉಳ್ಳಾಲದ ಸೋಮೇಶ್ವರದಲ್ಲಿ, ಕಡಲಿಗೆ ಹತ್ತಿರವೇ ನಮ್ಮ ಮನೆ. ಪತಿ ಗಲ್ಫ್‌ನಲ್ಲಿ ಉದ್ಯೋಗದಲ್ಲಿದ್ದಾರೆ. ಅತ್ತೆಯವರನ್ನು ತಿಂಗಳಿಗೆರಡು ಸಲ ದೇರಳಕಟ್ಟೆಯ ಆಸ್ಪತ್ರೆಗೆ ಕರೆದೊಯ್ಯಬೇಕಾದ್ದರಿಂದ ಡ್ರೈವಿಂಗ್ ಶಾಲೆಗೆ ಸೇರಿ ಇಪ್ಪತ್ತು ದಿನ ಕಲಿತೆ. ಮೈದಾನದಲ್ಲಿ ತೊಂದರೆಯಿಲ್ಲ, ಹೆದ್ದಾರಿಯಲ್ಲೂ ಹೇಗೋ ಓಡಿಸುತ್ತೇನೆ. ಆದರೆ ಏರುದಾರಿಯಲ್ಲಿ ಮುಂದಿನ ಬಸ್ಸು ನಿಂತಿತೆಂದರೆ ನನ್ನ ಜೀವ ಬಾಯಿಗೆ ಬರುತ್ತದೆ. ಬ್ರೇಕಿನಿಂದ ಕಾಲು ತೆಗೆದ ಕೂಡಲೇ ಕಾರು ಹಿಂದಕ್ಕೆ ಜಾರುತ್ತದೆ, ಗಾಬರಿಯಲ್ಲಿ ಕ್ಲಚ್ ಬಿಟ್ಟರೆ ಆಫ್ ಆಗುತ್ತದೆ, ಹಿಂದಿನಿಂದ ಹಾರ್ನ್ ಶುರುವಾಗುತ್ತದೆ. ಶಾಲೆಯ ಕಾರಿನಲ್ಲಿ ಇದೇ ಏರನ್ನು ಎಷ್ಟೋ ಸಲ ಹತ್ತಿದ್ದೇನೆ. ಈಗ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆಯ ಕಾರು ಓಡಿಸುವಾಗ ಮಾತ್ರ ಹೀಗೇಕೆ? ಬರುವ ತಿಂಗಳು ಪರೀಕ್ಷೆ ಇದೆ. ಈ ವಯಸ್ಸಿನಲ್ಲಿ ಇದು ನನ್ನಿಂದ ಆಗುವ ಕೆಲಸವೇ?
– ಓದುಗರೊಬ್ಬರು, ಸೋಮೇಶ್ವರ

ಉತ್ತರ: ಆಗುವ ಕೆಲಸವೇ, ಅದರಲ್ಲಿ ನನಗೆ ಸಂದೇಹವಿಲ್ಲ. ಶಾಲೆಯ ಕಾರಿನಲ್ಲಿ ಹತ್ತಿದ ಏರನ್ನು ಮನೆಯ ಕಾರಿನಲ್ಲಿ ಹತ್ತಲಾಗದಿರುವುದಕ್ಕೆ ನಿಮ್ಮ ವಯಸ್ಸು ಕಾರಣವಲ್ಲ. ತರಬೇತಿಯ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತದೆ. ಏರಿನಲ್ಲಿ ಕಾರು ಜಾರುವ ಸೂಚನೆ ಸಿಕ್ಕಿದ ಕ್ಷಣವೇ ಅವರು ಸದ್ದಿಲ್ಲದೆ ತಮ್ಮ ಪೆಡಲನ್ನು ಒತ್ತುತ್ತಾರೆ. ಅಪಘಾತ ತಪ್ಪಿಸಲು ಅದು ಬೇಕೇ ಬೇಕು. ಆದರೆ ಏರನ್ನು ತಾನೇ ಹತ್ತಿದೆನೆಂದು ಕಲಿಯುವವರು ತಿಳಿದುಕೊಳ್ಳುತ್ತಾರೆ. ನನಗೂ ಹೀಗೆಯೇ ಆಗಿತ್ತು. ಹದಿನೈದು ದಿನಗಳ ತರಬೇತಿ ಮುಗಿಸಿ, ಕಲಿತೆನೆಂಬ ಧೈರ್ಯದಿಂದ ಮೊದಲ ಸಲ ಸ್ವಂತ ಕಾರನ್ನು ಗುಡ್ಡೆಯ ದಾರಿಗೆ ತಂದಾಗ ಅದು ಹಿಂದಕ್ಕೆ ಜಾರಿ ಮುರಕಲ್ಲಿನ ಪಾಗಾರಕ್ಕೆ (ಕಾಂಪೌಂಡ್ ಗೋಡೆಗೆ) ತಾಗಿ ನಿಂತಿತು. ಏರಿನಲ್ಲಿ ಹೊರಡುವುದನ್ನು ನಾನು ಕಲಿತೇ ಇರಲಿಲ್ಲವೆಂದು ತಿಳಿದದ್ದು ಆಗಲೇ. ಆದ್ದರಿಂದ ತರಬೇತಿಗೆ ಹೋಗುವ ಎಲ್ಲರಿಗೂ ಒಂದು ಮಾತು ಹೇಳುತ್ತೇನೆ: ಕೊನೆಯ ನಾಲ್ಕೈದು ದಿನ, ವಾಹನ ಸಂಚಾರವಿಲ್ಲದ ಏರಿನಲ್ಲಿ, ತೀರ ಅಗತ್ಯ ಬೀಳುವವರೆಗೆ ಪೆಡಲ್ ಮುಟ್ಟಬೇಡಿರೆಂದು ಕಲಿಸುವವರನ್ನು ಸ್ಪಷ್ಟವಾಗಿ ಕೇಳಿಕೊಳ್ಳಿ. ಕಾರು ಒಂದಡಿ ಜಾರಿದರೂ ಚಿಂತೆಯಿಲ್ಲ, ಅದು ನಿಮ್ಮ ಕಾಲಿನ ತಪ್ಪೆಂದು ನಿಮಗೆ ತಿಳಿಯಬೇಕು.

ಈಗ ಮನೆಯ ಕಾರಿನ ಅಭ್ಯಾಸಕ್ಕೆ ಬರೋಣ. ಮೊದಲ ಎರಡು ದಿನ ಏರಿನ ಗೊಡವೆಯೇ ಬೇಡ. ಸಮತಟ್ಟಾದ ಜಾಗದಲ್ಲಿ ಕಾರನ್ನು ಮೊದಲ ಗೇರಿಗೆ ಹಾಕಿ, ಆಕ್ಸಿಲರೇಟರ್ ಮುಟ್ಟದೆ, ಕ್ಲಚ್ಚನ್ನು ಕೂದಲೆಳೆಯಷ್ಟು ನಿಧಾನವಾಗಿ ಬಿಡುತ್ತ ಬನ್ನಿ. ಒಂದು ಹಂತದಲ್ಲಿ ಎಂಜಿನ್ನಿನ ಸದ್ದು ತಗ್ಗಿ ಗಡುಸಾಗುತ್ತದೆ, ಕಾರಿನ ಮೈ ಸಣ್ಣಗೆ ಕಂಪಿಸುತ್ತದೆ. ಹಾಫ್ ಕ್ಲಚ್ ಎಂದು ಎಲ್ಲರೂ ಹೇಳುವುದು ಈ ಬಿಂದುವನ್ನೇ. ಪ್ರತಿ ಕಾರಿನಲ್ಲೂ ಇದು ಬೇರೆ ಎತ್ತರದಲ್ಲಿರುವುದರಿಂದ, ಶಾಲೆಯ ಕಾರಿಗೆ ಒಗ್ಗಿದ ಕಾಲು ಮನೆಯ ಕಾರಿನಲ್ಲಿ ತಬ್ಬಿಬ್ಬಾಗುತ್ತದೆ. ಕಣ್ಣು ರಸ್ತೆಯ ಮೇಲಿದ್ದು, ಕಿವಿ ಮತ್ತು ಪಾದ ಎರಡರಿಂದಲೇ ಆ ಬಿಂದು ಸಿಗುವವರೆಗೆ ಇದನ್ನು ಮತ್ತೆ ಮತ್ತೆ ಮಾಡಿ.

ಆಮೇಲೆ, ಭಾನುವಾರ ಬೆಳಗಿನ ಜಾವದಂಥ ಹೊತ್ತಿನಲ್ಲಿ, ಸಾಧಾರಣ ಏರಿರುವ ಒಂದು ಒಳರಸ್ತೆಯನ್ನು ಆರಿಸಿಕೊಳ್ಳಿ. ಏರಿನ ನಡುವೆ ಕಾರು ನಿಲ್ಲಿಸಿ ಹ್ಯಾಂಡ್‌ಬ್ರೇಕನ್ನು ಗಟ್ಟಿಯಾಗಿ ಎಳೆಯಿರಿ. ಈಗ ಕಾರನ್ನು ಹಿಡಿದಿರುವುದು ಹ್ಯಾಂಡ್‌ಬ್ರೇಕ್, ನಿಮ್ಮ ಬಲಗಾಲಿಗೆ ಬಿಡುವು ಸಿಕ್ಕಿತು. ಮೊದಲ ಗೇರು ಹಾಕಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ, ಕ್ಲಚ್ಚನ್ನು ಆ ಬಿಂದುವಿಗೆ ತನ್ನಿ. ಸದ್ದು ಗಡುಸಾಗಿ, ಬಾನೆಟ್ಟು ತುಸು ಮೇಲೆದ್ದಂತೆ ಕಂಡಾಗ ಕಾರು ಮುಂದೆ ಹೋಗಲು ತಯಾರಾಗಿದೆ ಎಂದರ್ಥ. ಆಗ ಮಾತ್ರ ಹ್ಯಾಂಡ್‌ಬ್ರೇಕ್ ಇಳಿಸಿ, ಆಕ್ಸಿಲರೇಟರನ್ನು ಇನ್ನೂ ಸ್ವಲ್ಪ ಒತ್ತುತ್ತ ಕ್ಲಚ್ಚನ್ನು ಪೂರ್ತಿ ಬಿಡಿ. ಹತ್ತು ಗಜ ಹೋಗಿ ಮತ್ತೆ ನಿಲ್ಲಿಸಿ, ಮತ್ತೆ ಹೊರಡಿ. ದಿನಕ್ಕೆ ಹತ್ತು ಸಲದಂತೆ ಒಂದು ವಾರ ಮಾಡಿದರೆ ಕಾಲಿಗೆ ತಾನಾಗಿ ಗೊತ್ತಾಗುತ್ತದೆ. ಹಾಫ್ ಕ್ಲಚ್ಚಿನಲ್ಲೇ ಕಾರನ್ನು ನಿಮಿಷಗಟ್ಟಲೆ ಏರಿನಲ್ಲಿ ಹಿಡಿದಿಡುವ ಅಭ್ಯಾಸ ಮಾತ್ರ ಬೇಡ, ಕ್ಲಚ್ ಪ್ಲೇಟ್ ಸುಟ್ಟು ವಾಸನೆ ಬರುತ್ತದೆ. ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು: ಕಲಿಯುವಾಗ ಕಾರು ಜಾರಿದರೆ ತಡೆಯಲೆಂದು ಮನೆಯವರೊಬ್ಬರನ್ನು ಕಲ್ಲು ಕೊಟ್ಟು ಕಾರಿನ ಹಿಂದೆ ನಿಲ್ಲಿಸಬೇಡಿ. ಜಾರುವ ಕಾರಿನ ಹಿಂದೆ ಯಾರೂ ಇರಬಾರದು, ಮಕ್ಕಳಂತೂ ಆ ರಸ್ತೆಯಲ್ಲೇ ಇರಬಾರದು.

ಏರಿನಷ್ಟೇ ಗಮನವನ್ನು ಇಳಿಜಾರಿಗೂ ಕೊಡಿ. ಏರಿನಲ್ಲಿ ತಪ್ಪಿದರೆ ಕಾರು ಆಫ್ ಆಗಿ ನಿಲ್ಲುತ್ತದೆ, ಇಳಿಜಾರಿನಲ್ಲಿ ತಪ್ಪಿದರೆ ನಿಲ್ಲುವುದೇ ಇಲ್ಲ. ದೇರಳಕಟ್ಟೆಯಿಂದ ಕುತ್ತಾರು ದಾಟಿ ತೊಕ್ಕೊಟ್ಟಿಗೆ ಇಳಿದು ಬರುವಾಗ ಪೆಟ್ರೋಲ್ ಉಳಿಯುತ್ತದೆಂದು ಕಾರನ್ನು ನ್ಯೂಟ್ರಲ್‌ಗೆ ಹಾಕುವವರು ಇಂದಿಗೂ ಇದ್ದಾರೆ. ಈಗಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗಲೇ ಇಂಧನದ ಸರಬರಾಜು ನಿಲ್ಲುವುದರಿಂದ ಆ ಉಳಿತಾಯದ ಲೆಕ್ಕವೇ ತಪ್ಪು. ನ್ಯೂಟ್ರಲ್‌ನಲ್ಲಿ ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಏರಲು ಎರಡನೆಯ ಗೇರು ಬೇಕಾದ ದಾರಿಯನ್ನು ಇಳಿಯುವುದಕ್ಕೂ ಎರಡನೆಯ ಗೇರೇ ಸರಿ. ಮೇ ಕೊನೆಯ ಹೊತ್ತಿಗೆ ಬರುವ, ತುಳುನಾಡಿನ ಪತ್ತನಾಜೆಯ ದಿನ ಕಳೆದು ಮಳೆ ಹಿಡಿದ ಮೇಲೆ ಇದರ ಬೆಲೆ ಇನ್ನೂ ಹೆಚ್ಚು: ಗುಡ್ಡೆಯ ಕೆಂಪು ಮಣ್ಣು ನೀರಿನೊಡನೆ ಹರಿದು ತಿರುವಿನಲ್ಲಿ ಕೆಸರಾಗಿ ನಿಲ್ಲುತ್ತದೆ, ಅಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಚಕ್ರ ಜಾರುತ್ತದೆ. ಇಕ್ಕಟ್ಟಾದ ದಾರಿಯಲ್ಲಿ ಎದುರಿನಿಂದ ಕಾರು ಬಂದರೆ ಇಳಿಯುವವರು ಬದಿಗೆ ನಿಂತು ಏರುವವರಿಗೆ ದಾರಿ ಬಿಡಬೇಕೆಂಬುದು ನಿಯಮ. ಏರುವವರು ನಿಂತರೆ ಮತ್ತೆ ಹೊರಡುವುದು ಎಷ್ಟು ಕಷ್ಟವೆಂದು ನಿಮಗಿಂತ ಚೆನ್ನಾಗಿ ಯಾರು ಬಲ್ಲರು? ನೀವು ಇಳಿಯುವಾಗ ಅದನ್ನು ನೆನಪಿಡಿ.

ಪರೀಕ್ಷೆಯ ವಿಚಾರ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೆಯ ನಿಯಮದಲ್ಲಿ ಅಭ್ಯರ್ಥಿ ಏನೇನು ಮಾಡಿ ತೋರಿಸಬೇಕೆಂಬ ಪಟ್ಟಿಯಿದೆ. ಕಡಿದಾದ ಏರಿನಲ್ಲಿ ವಾಹನ ನಿಲ್ಲಿಸಿ, ಹ್ಯಾಂಡ್‌ಬ್ರೇಕನ್ನು ಸರಿಯಾಗಿ ಬಳಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡುವುದು ಆ ಪಟ್ಟಿಯಲ್ಲಿದೆ. ಇಳಿಜಾರಿನಲ್ಲಿ ಬೇಗನೆ ಕೆಳಗಿನ ಗೇರಿಗೆ ಬರುವುದೂ ಇದೆ. ಪರೀಕ್ಷೆಯ ದಿನ ಇನ್‌ಸ್ಪೆಕ್ಟರ್ ನಿಮ್ಮನ್ನು ಏರಿಗೆ ಕರೆದೊಯ್ಯಲಿ, ಬಿಡಲಿ, ಕಾನೂನು ನಿಮ್ಮಿಂದ ನಿರೀಕ್ಷಿಸುವ ಕೌಶಲ ಇದೇ. ನಮ್ಮ ಕರಾವಳಿಯ ಗುಡ್ಡದೂರುಗಳಲ್ಲಿ ಮೈದಾನದಲ್ಲಿ ಎಂಟರ ಆಕಾರದಲ್ಲಿ ಕಾರು ಓಡಿಸುವುದನ್ನಷ್ಟೇ ಕಲಿಸಿ ಕಳಿಸುವ ಪದ್ಧತಿ ಸರಿಯಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ನೀವು 40 ದಾಟಿರುವುದರಿಂದ ಅರ್ಜಿಯೊಡನೆ ನಮೂನೆ 1ಎಯಲ್ಲಿ ವೈದ್ಯರ ಪ್ರಮಾಣಪತ್ರ ಬೇಕಾಗುತ್ತದೆ. ತೇರ್ಗಡೆಯಾದರೆ ನಿಮ್ಮ ವಯಸ್ಸಿನವರಿಗೆ ಲೈಸೆನ್ಸ್ 10 ವರ್ಷಕ್ಕೆ ಸಿಗುತ್ತದೆ. ಅಲ್ಲಿಯವರೆಗೆ ಲೈಸೆನ್ಸ್ ಇರುವ ಅಣ್ಣ ಪಕ್ಕದಲ್ಲಿ ಇರಲೇಬೇಕು. ಕಾರಿನ ಹಿಂದೆ ಮುಂದೆ ಕೆಂಪು ‘ಎಲ್’ ಅಕ್ಷರದ ಬಿಳಿ ಫಲಕ ಇರಬೇಕು. ಆ ಫಲಕವನ್ನು ನಾಚಿಕೆಯೆಂದು ತೆಗೆದಿಡಬೇಡಿ. ಏರಿನಲ್ಲಿ ಅದನ್ನು ಕಂಡ ಹಿಂದಿನವರು ಸ್ವಲ್ಪ ಅಂತರ ಬಿಟ್ಟು ನಿಲ್ಲುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ನನಗೆ 19 ವರ್ಷ, ಊರು ಸುರತ್ಕಲ್. ಕಾರಿನ ಪರೀಕ್ಷೆಯಲ್ಲಿ ಎರಡು ಸಲ ರಿವರ್ಸ್‌ನಲ್ಲಿ ಫೇಲಾದೆ. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಪಡೆದು ನಾಲ್ಕು ತಿಂಗಳಾಯಿತು. ಮೂರನೆಯ ಸಲವೂ ಹೋದರೆ ಮುಂದೇನು? ಹಣ ಕೊಟ್ಟರೆ ಪರೀಕ್ಷೆಯಿಲ್ಲದೆ ಲೈಸೆನ್ಸ್ ಮಾಡಿಸಿಕೊಡುತ್ತೇನೆಂದು ಒಬ್ಬರು ಹೇಳುತ್ತಿದ್ದಾರೆ.
– ವಿದ್ಯಾರ್ಥಿ

ಉತ್ತರ: ಕೊನೆಯ ವಾಕ್ಯಕ್ಕೆ ಮೊದಲು ಉತ್ತರಿಸುತ್ತೇನೆ: ಬೇಡ. ವಂಚನೆಯಿಂದ ಪಡೆದ ಲೈಸೆನ್ಸನ್ನು ರದ್ದು ಮಾಡುವ ಅಧಿಕಾರ ಕಾಯಿದೆಯಲ್ಲೇ ಇದೆ. ಅದಕ್ಕಿಂತ ಮುಖ್ಯವಾಗಿ, ರಿವರ್ಸ್ ಬಾರದವನು ಲೈಸೆನ್ಸ್ ಹಿಡಿದು ನಮ್ಮ ಇಕ್ಕಟ್ಟಿನ ಓಣಿಗಳಿಗೆ ಬಂದರೆ, ಅವನ ಕಾರಿನ ಹಿಂದೆ ಆಡುತ್ತಿರುವುದು ಯಾರದೋ ಮನೆಯ ಮಗು.

ಲೆಕ್ಕ ಹೀಗಿದೆ. ಎಲ್‌ಎಲ್‌ಆರ್‌ಗೆ 6 ತಿಂಗಳ ಅವಧಿ, ಪಡೆದ 30 ದಿನಗಳ ನಂತರವೇ ಪರೀಕ್ಷೆ. ಫೇಲಾದರೆ 7 ದಿನ ಬಿಟ್ಟು ಮತ್ತೆ ಕೂರಬಹುದು. ಮೂರು ಸಲವೂ ಆಗದಿದ್ದರೆ ಕೊನೆಯ ಪರೀಕ್ಷೆಯಿಂದ 60 ದಿನ ಕಾಯಬೇಕು. ನಿಮಗೆ ಉಳಿದಿರುವುದು ಎರಡೇ ತಿಂಗಳಾದ್ದರಿಂದ, ಮೂರನೆಯ ಸಲ ತಪ್ಪಿದರೆ ಆ 60 ದಿನಗಳೊಳಗೆ ಎಲ್‌ಎಲ್‌ಆರ್ ಅವಧಿಯೂ ಮುಗಿಯುವ ಸಂಭವವಿದೆ. ಆಗ ಹೊಸದನ್ನೇ ಪಡೆಯಬೇಕಾಗುತ್ತದೆ. ಹಾಗಾಗಿ ನಾಳೆಯೇ ದಿನ ಗೊತ್ತುಮಾಡುವ ಆತುರ ಬೇಡ, ಎರಡು ಮೂರು ವಾರ ರಿವರ್ಸ್ ಒಂದನ್ನೇ ಅಭ್ಯಾಸ ಮಾಡಿ.

ರಿವರ್ಸ್‌ನಲ್ಲಿ ಹೆಚ್ಚಿನವರು ತಪ್ಪುವುದು ವೇಗದಿಂದ. ಹಿಂದಕ್ಕೆ ಹೋಗುವಾಗ ಕಾರು ನಡೆಯುವ ಮನುಷ್ಯನಿಗಿಂತ ನಿಧಾನವಾಗಿರಬೇಕು, ಆ ನಿಧಾನ ಬರುವುದು ಕ್ಲಚ್ಚಿನಿಂದ. ಏರಿಗೆ ಮುಖ ಮಾಡಿರುವ ನಿಮ್ಮೂರಿನ ಗೇಟುಗಳು ಇದಕ್ಕೆ ಒಳ್ಳೆಯ ಗುರುಗಳು. ಅಂಗಳದಿಂದ ರಸ್ತೆಗೆ ಹಿಮ್ಮುಖವಾಗಿ ಏರಬೇಕಾದ ಮನೆ ಪರಿಚಯದಲ್ಲಿದ್ದರೆ ಅಲ್ಲಿ ಅಭ್ಯಾಸ ಮಾಡಿ. ಗೇಟಿನ ಆಚೆ ದೊಡ್ಡವರೊಬ್ಬರು ಕಾರಿನ ದಾರಿಗೆ ಅಡ್ಡವಾಗದಂತೆ ನಿಂತು ರಸ್ತೆ ನೋಡುತ್ತಿರಲಿ. ಕನ್ನಡಿಯನ್ನಷ್ಟೇ ನಂಬದೆ ಕತ್ತು ತಿರುಗಿಸಿ ನೋಡಿ. ದಿಕ್ಕು ತಪ್ಪಿತೆನಿಸಿದರೆ ನಿಲ್ಲಿಸಿ, ಚಕ್ರ ಯಾವ ಕಡೆ ತಿರುಗಿದೆಯೆಂದು ಯೋಚಿಸಿ ಮುಂದುವರಿಯಿರಿ. 30ಕ್ಕಿಂತ ಕಡಿಮೆ ವಯಸ್ಸಿನವರಿಗೆ 40 ತುಂಬುವವರೆಗೂ ಒಂದೇ ಲೈಸೆನ್ಸ್ ನಡೆಯುತ್ತದೆ. ಇಪ್ಪತ್ತು ವರ್ಷ ಬಳಸುವ ವಿದ್ಯೆಗೆ ಮೂರು ವಾರ ಹೆಚ್ಚೇನಲ್ಲ.

ಪ್ರಶ್ನೆ: ಕಡಲಿಗೆ ಇಳಿಯುವ ರಸ್ತೆಯ ಬದಿಯಲ್ಲೇ ನಾವು ಕಾರು ನಿಲ್ಲಿಸಬೇಕು. ಹ್ಯಾಂಡ್‌ಬ್ರೇಕ್ ಒಂದೇ ಸಾಕೇ?
– ಹೊಸದಾಗಿ ಲೈಸೆನ್ಸ್ ಪಡೆದವರು

ಉತ್ತರ: ಸಾಲದು. ಕಡಲ ಗಾಳಿಯ ಉಪ್ಪಿನಿಂದ ಹ್ಯಾಂಡ್‌ಬ್ರೇಕಿನ ಕೇಬಲ್ಲು ತುಕ್ಕು ಹಿಡಿಯುತ್ತದೆ, ಸರ್ವಿಸಿಗೆ ಬಿಟ್ಟಾಗಲೆಲ್ಲ ಅದನ್ನು ಪರೀಕ್ಷಿಸಲು ಹೇಳಿ, ಕಾರಿನ ಅಡಿಭಾಗವನ್ನೂ ಸಿಹಿನೀರಿನಲ್ಲಿ ತೊಳೆಸಿ. ಇಳಿಜಾರಿಗೆ ಮುಖ ಮಾಡಿ ನಿಲ್ಲಿಸುವಾಗ ರಿವರ್ಸ್ ಗೇರಿನಲ್ಲಿ, ಏರಿಗೆ ಮುಖ ಮಾಡಿದಾಗ ಮೊದಲ ಗೇರಿನಲ್ಲಿ ಕಾರನ್ನು ಬಿಡಿ. ಇಳಿಮುಖವಾಗಿದ್ದರೆ ಮುಂದಿನ ಚಕ್ರಗಳನ್ನು ಎಡಕ್ಕೆ, ಪಾಗಾರದ ಕಡೆಗೆ ತಿರುಗಿಸಿಡಿ, ಜಾರಿದರೂ ಕಾರು ರಸ್ತೆಯ ನಡುವೆ ಓಡದು. ಮರಳಿನ ಮೇಲಂತೂ ನಿಲ್ಲಿಸಬೇಡಿ, ಹೊರಡುವಾಗ ಚಕ್ರ ಹೂತುಹೋಗುತ್ತದೆ. ಚಕ್ರಕ್ಕೆ ಕಲ್ಲು ಕೊಡುವುದು ಒಳ್ಳೆಯ ರೂಢಿಯೇ, ಆದರೆ ಹೊರಡುವ ಮುನ್ನ ಆ ಕಲ್ಲನ್ನು ಎತ್ತಿ ಪಾಗಾರದ ಬುಡಕ್ಕೆ ಇಡಿ. ರಸ್ತೆಯಲ್ಲೇ ಬಿಟ್ಟ ಕಲ್ಲು ಕತ್ತಲಲ್ಲಿ ಇಳಿದು ಬರುವ ಬೈಕಿನವರ ಕಣ್ಣಿಗೆ ಬೀಳುವುದಿಲ್ಲ.